ಕೋಶ ಕಟ್ಟುವ ಬುತ್ತಿ

ಚರ್ಮದ ಕ್ಲಿನಿಕ್ಕಿನ ಒಳಕೋಣೆ. ಕುರ್ಚಿಯಲ್ಲಿ ಒರಗಿ ಕೂತವರ ನೆತ್ತಿಗೆ ಮರಗಟ್ಟಿಸುವ ಕ್ರೀಮ್ ಬಳಿದು ಅರ್ಧ ಗಂಟೆಯಾಗಿದೆ. ನರ್ಸ್ ಫ್ರಿಜ್ಜಿನಿಂದ ಹೆಬ್ಬೆರಳು ಗಾತ್ರದ ಗಾಜಿನ ಸೀಸೆ ತೆಗೆಯುತ್ತಾರೆ. ತಳದಲ್ಲಿ ಬಿಳಿಯ ಪುಡಿ ಹೆಪ್ಪುಗಟ್ಟಿ ಅಂಟಿಕೊಂಡಿದೆ. ಸಿರಿಂಜಿನಿಂದ ಸಲೈನ್ ಬಿಟ್ಟು, ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದರೆ ಪುಡಿ ಕರಗಿ ದ್ರವ ತಿಳಿಯಾಗುತ್ತದೆ. ಆಮೇಲೆ ಪೆನ್ನಿನ ಆಕಾರದ ಯಂತ್ರವೊಂದು ಗುಂಯ್‌ಗುಡುತ್ತ ನೆತ್ತಿಯ ಮೇಲೆ ಓಡಾಡುತ್ತದೆ. ಅದರ ತುದಿಯ ಸಣ್ಣ ಸೂಜಿಗಳು ಚುಚ್ಚಿದಲ್ಲೆಲ್ಲ ರಕ್ತದ ಚುಕ್ಕೆ ಮೂಡುತ್ತದೆ, ಅದರ ಮೇಲೆ ಆ ತಿಳಿ ದ್ರವ ಬೀಳುತ್ತದೆ. ಸೀಸೆಯ ಮೇಲಿರುವ ಹೆಸರು ಎಕ್ಸೋಸೋಮ್.

ಉದುರುವ ಕೂದಲಿಗೆ, ಮುಖದ ಸುಕ್ಕಿಗೆ, ಮಂಡಿನೋವಿಗೆ ಈಗ ಇದೇ ಹೆಸರು ಕೇಳಿಬರುತ್ತಿದೆ. ಬೆಂಗಳೂರಿನ ಕ್ಲಿನಿಕ್ಕುಗಳ ಜಾಹೀರಾತುಗಳಲ್ಲಿ, ಮೊಬೈಲಿನ ರೀಲ್‌ಗಳಲ್ಲಿ 'ಸ್ಟೆಮ್ ಸೆಲ್ ಎಕ್ಸೋಸೋಮ್' ಎಂದು ಕಂಡವರು ಬಹಳ. ಅದು ಏನು ಎಂದು ಕೇಳಿದರೆ ಮಾತ್ರ ಉತ್ತರ ಅಸ್ಪಷ್ಟ.

ಈ ಹೆಸರಿನ ಹಿಂದೆ ನಲವತ್ತು ವರ್ಷಗಳ ಗಟ್ಟಿ ವಿಜ್ಞಾನವಿದೆ. ವೈದ್ಯಕೀಯಕ್ಕೆ ಅದರಿಂದ ದೊಡ್ಡ ಉಪಕಾರ ಆಗಬಹುದು ಎಂಬ ನಿರೀಕ್ಷೆಗೆ ಆಧಾರವೂ ಇದೆ. ಆದರೆ ಪ್ರಯೋಗಾಲಯದಲ್ಲಿ ಗೊತ್ತಾಗಿರುವುದಕ್ಕೂ ಸೀಸೆಯಲ್ಲಿ ಮಾರಾಟವಾಗುತ್ತಿರುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಅದಕ್ಕೆ ಬೀಳುತ್ತಿರುವವರು ಕಾಯಿಲೆ ವಾಸಿಯಾಗಲಿ ಎಂದು ಹಣ ಹೊಂದಿಸಿಕೊಂಡು ಬಂದವರು.

ಕಸ ಎಂದುಕೊಂಡದ್ದು

ಕಥೆ ಶುರುವಾಗುವುದು ಕುರಿ ಮತ್ತು ಇಲಿಯ ರಕ್ತದಿಂದ. ಎಳೆಯ ಕೆಂಪು ರಕ್ತಕಣಕ್ಕೆ ಹಿಮೋಗ್ಲೋಬಿನ್ ತಯಾರಿಸಲು ಕಬ್ಬಿಣ ಬೇಕು. ಹಾದುಹೋಗುವ ಕಬ್ಬಿಣವನ್ನು ಹಿಡಿದುಕೊಳ್ಳಲು ಅದರ ಮೈತುಂಬ ಒಂದು ಬಗೆಯ ಪ್ರೋಟೀನ್ ಇರುತ್ತದೆ. ಕಣ ಬಲಿತ ಮೇಲೆ ಆ ಪ್ರೋಟೀನ್ ಬೇಕಿಲ್ಲ, ಬಲಿತ ಕಣದಲ್ಲಿ ಅದು ಕಾಣುವುದೂ ಇಲ್ಲ. ಹಾಗಾದರೆ ಹೋಯಿತೆಲ್ಲಿಗೆ?

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರೋಸ್ ಜಾನ್‌ಸ್ಟನ್ ಅವರ ತಂಡ ಕುರಿಯ ರಕ್ತದಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಫಿಲಿಪ್ ಸ್ಟಾಲ್ ಅವರ ತಂಡ ಇಲಿಯ ರಕ್ತದಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದವು. 1983ರಲ್ಲಿ ಎರಡೂ ತಂಡಗಳು ಒಂದೇ ಸಂಗತಿಯನ್ನು ವರದಿ ಮಾಡಿದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆ ಒಂದು ದೊಡ್ಡ ಚೀಲ, ಆ ಚೀಲದೊಳಗೆ ಹತ್ತಾರು ಪುಟಾಣಿ ಗುಳ್ಳೆಗಳು ಕಂಡವು. ದೊಡ್ಡ ಚೀಲ ಕೋಶದ ಅಂಚಿಗೆ ಬಂದು ಹೊರಪೊರೆಗೆ ಕೂಡಿಕೊಂಡು ಬಾಯಿ ತೆರೆಯುತ್ತಿತ್ತು, ಗುಳ್ಳೆಗಳು ಹೊರಕ್ಕೆ ಚೆಲ್ಲುತ್ತಿದ್ದವು. ಬೇಡವಾದ ಪ್ರೋಟೀನ್ ಆ ಗುಳ್ಳೆಗಳ ಮೈಮೇಲಿತ್ತು. 1987ರಲ್ಲಿ ಜಾನ್‌ಸ್ಟನ್ ಅವರ ತಂಡ ಅವುಗಳನ್ನು ಎಕ್ಸೋಸೋಮ್ ಎಂದು ಕರೆಯಿತು.

ಕೋಶ ತನ್ನ ಕಸವನ್ನು ಹೊರಗೆ ಹಾಕುವ ರೀತಿ ಇದು ಎಂದುಕೊಂಡು ಹೆಚ್ಚಿನವರು ಅಲ್ಲಿಗೇ ಕೈಬಿಟ್ಟರು.

ಆ ತಿಳಿವಳಿಕೆ ಅಲುಗಾಡಿದ್ದು 1996ರಲ್ಲಿ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಗ್ರಾಸಾ ರಪೋಸೊ ಮತ್ತು ಹಾನ್ಸ್ ಗೂಜ಼ೆ ಅವರ ತಂಡ, ರೋಗನಿರೋಧಕ ಬಿ ಕೋಶಗಳು ಇಂಥವೇ ಗುಳ್ಳೆಗಳನ್ನು ಬಿಡುತ್ತವೆ, ಆ ಗುಳ್ಳೆಗಳು ಬೇರೆ ರೋಗನಿರೋಧಕ ಕೋಶಗಳನ್ನು ಎಚ್ಚರಿಸಬಲ್ಲವು ಎಂದು ತೋರಿಸಿತು. ಕಸಕ್ಕೆ ಅಂಥ ಶಕ್ತಿ ಎಲ್ಲಿಂದ ಬರಬೇಕು?

ಇನ್ನೂ ದೊಡ್ಡ ಅಚ್ಚರಿ ಬಂದದ್ದು 2007ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ. ಯಾನ್ ಲೋಟ್ವಾಲ್ ಅವರ ಪ್ರಯೋಗಾಲಯದಲ್ಲಿ ಹಾದಿ ವಲಾದಿ ಮತ್ತು ಸಂಗಡಿಗರು ಇಲಿಯ ಕೋಶ ಬಿಟ್ಟ ಎಕ್ಸೋಸೋಮ್‌ಗಳನ್ನು ಮನುಷ್ಯನ ಕೋಶಗಳಿಗೆ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಮನುಷ್ಯನ ಕೋಶದೊಳಗೆ ಇಲಿಯ ಪ್ರೋಟೀನ್‌ಗಳು ಸಿಕ್ಕವು. ಎಕ್ಸೋಸೋಮ್ ಆರ್‌ಎನ್‌ಎ ಹೊತ್ತೊಯ್ದಿತ್ತು. ಪ್ರೋಟೀನ್ ತಯಾರಿಸುವ ಆ ಆದೇಶವನ್ನು ಬೇರೊಂದು ಪ್ರಾಣಿಯ ಕೋಶ ಓದಿ, ಪಾಲಿಸಿತ್ತು. ಒಂದು ಕೋಶದ ಮಾತು ಇನ್ನೊಂದು ಕೋಶದೊಳಕ್ಕೆ ಹೋಗಿ ಕೆಲಸ ಮಾಡಬಲ್ಲದು ಎಂಬುದು ಖಚಿತವಾದ ಮೇಲೆ ಈ ಕ್ಷೇತ್ರಕ್ಕೆ ಜನ ನುಗ್ಗಿದರು.

ಒಳಗೇನಿದೆ?

ಎಕ್ಸೋಸೋಮ್‌ನ ಅಡ್ಡಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ತಲೆಗೂದಲ ದಪ್ಪಕ್ಕೆ ಅಡ್ಡಲಾಗಿ ಸಾಲಾಗಿ ನಿಲ್ಲಿಸಿದರೆ ನೂರುಗಟ್ಟಲೆ ಹಿಡಿಯುತ್ತವೆ. ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಅವು ಕಾಣುವುದಿಲ್ಲ. ಹೊರಗೆ ಕೊಬ್ಬಿನ ಎರಡು ಪದರದ ಪೊರೆ, ಪೊರೆಯ ಮೇಲೆ ಗುರುತಿನ ಪ್ರೋಟೀನ್‌ಗಳು, ಒಳಗೆ ಪ್ರೋಟೀನ್ ಮತ್ತು ಆರ್‌ಎನ್‌ಎ ತುಣುಕುಗಳು. ರಕ್ತ, ಮೂತ್ರ, ಜೊಲ್ಲು, ತಾಯಿಯ ಹಾಲು ಎಲ್ಲದರಲ್ಲೂ ಅವು ಇವೆ. ಈ ಸಾಲು ಓದುವಷ್ಟರಲ್ಲಿ ಓದುಗರ ಮೈಯಲ್ಲೇ ಎಣಿಕೆಗೆ ಸಿಗದಷ್ಟು ಹುಟ್ಟಿರುತ್ತವೆ.

ತವರಿನಿಂದ ಮಗಳ ಮನೆಗೆ ಬರುವ ಬುತ್ತಿಯನ್ನು ಬಿಚ್ಚಿದರೆ ತವರಿನ ಸ್ಥಿತಿ ತಿಳಿದುಬಿಡುತ್ತದೆ: ಮಳೆ ಬಂದಿದೆಯೋ, ಬೆಳೆ ಕೈಗೆ ಹತ್ತಿದೆಯೋ, ಮನೆಯಲ್ಲಿ ಬಿಡಿಗಾಸು ಇದೆಯೋ ಇಲ್ಲವೋ. ಎಕ್ಸೋಸೋಮ್ ಕೂಡ ಹಾಗೆ ಹುಟ್ಟಿದ ಕೋಶದ ಸ್ಥಿತಿಯನ್ನು ಹೊತ್ತಿರುತ್ತದೆ. ಅದೇ ಕೋಶವನ್ನು ಆಮ್ಲಜನಕ ಕಡಿಮೆ ಇರುವಲ್ಲಿ ಬೆಳೆಸಿದರೆ ಅದು ಕಟ್ಟಿ ಕಳಿಸುವ ಸರಕು ಬದಲಾಗುತ್ತದೆ. ಕೋಶ ಮುದಿಯಾದರೂ, ರೋಗಕ್ಕೆ ಸಿಕ್ಕಿದರೂ ಬದಲಾಗುತ್ತದೆ.

ಬುತ್ತಿಯಲ್ಲಿ ಒಳ್ಳೆಯದೇ ಇರಬೇಕೆಂದಿಲ್ಲ. ಜಾಹೀರಾತುಗಳು ಬಾಯಿಬಿಡದ ಸಂಗತಿ ಇದು. ನ್ಯೂಯಾರ್ಕಿನಲ್ಲಿ ಡೇವಿಡ್ ಲೈಡನ್ ಅವರ ತಂಡ 2012ರಲ್ಲಿ ಮತ್ತು 2015ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಕ್ಯಾನ್ಸರ್ ಗಡ್ಡೆ ತಾನು ಹರಡುವ ಮೊದಲೇ ಎಕ್ಸೋಸೋಮ್‌ಗಳನ್ನು ದೂರದ ಅಂಗಗಳಿಗೆ ಕಳಿಸಿ ಅಲ್ಲಿನ ನೆಲವನ್ನು ಹದಮಾಡಿಕೊಳ್ಳುತ್ತದೆ ಎಂದು ತೋರಿಸಿದವು. ಶ್ವಾಸಕೋಶಕ್ಕೋ ಯಕೃತ್ತಿಗೋ ಎಂಬುದನ್ನು ಗುಳ್ಳೆಯ ಮೈಮೇಲಿನ ಪ್ರೋಟೀನ್ ನಿರ್ಧರಿಸುತ್ತದೆ. ಹಾಗಾಗಿ 'ನೈಸರ್ಗಿಕ, ಆದ್ದರಿಂದ ನಿರಪಾಯ' ಎಂಬ ಮಾತು ಎಕ್ಸೋಸೋಮ್ ವಿಷಯದಲ್ಲಿ ನಿಲ್ಲುವುದಿಲ್ಲ. ಯಾವ ಕೋಶದ್ದು ಎಂಬ ಪ್ರಶ್ನೆ ಮೊದಲು ಬರಬೇಕು.

ಆಕರಕೋಶಕ್ಕೆ ಬಂದ ಅನುಮಾನ

ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಮೊದಲ ಕನಸು ಸರಳವಾಗಿತ್ತು. ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಗಳಲ್ಲಿ ಮೆಸೆಂಕೈಮಲ್ ಎಂಬ ಬಗೆಯ ಆಕರಕೋಶಗಳು ಸಿಗುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಅವು ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಿ ಮಾರ್ಪಡುತ್ತವೆ. ಹಾಗಿದ್ದರೆ ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗಕ್ಕೆ ಇವನ್ನು ಬಿಟ್ಟರೆ ಹೊಸ ಸ್ನಾಯು ಬೆಳೆಯಬೇಕಲ್ಲ?

ಪ್ರಾಣಿಗಳಲ್ಲಿ ಪ್ರಯೋಗ ಮಾಡಿದಾಗ ಹೃದಯ ಚೇತರಿಸಿಕೊಂಡದ್ದು ನಿಜ. ಆದರೆ ಕೊಟ್ಟ ಕೋಶಗಳನ್ನು ಹುಡುಕಿದರೆ ಅವು ಹೃದಯದಲ್ಲಿರಲಿಲ್ಲ. ರಕ್ತನಾಳಕ್ಕೆ ಕೊಟ್ಟ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಕಿರಿದಾದ ನಾಳಗಳಲ್ಲಿ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಸತ್ತುಹೋಗುತ್ತಿದ್ದವು. ಕೋಶ ತಲುಪಲಿಲ್ಲ, ಗುಣ ಮಾತ್ರ ತಲುಪಿತು.

2005ರ ಹೊತ್ತಿಗೆ ಅಮೆರಿಕದಲ್ಲಿ ವಿಕ್ಟರ್ ಜ಼ಾವ್ ಅವರ ತಂಡ ಒಂದು ಸರಳ ಪ್ರಯೋಗ ಮಾಡಿತು. ಆಕರಕೋಶಗಳನ್ನು ಪಕ್ಕಕ್ಕಿಟ್ಟು, ಅವು ಬೆಳೆದ ದ್ರವವನ್ನಷ್ಟೇ ಇಲಿಗಳ ಗಾಯಗೊಂಡ ಹೃದಯಕ್ಕೆ ಕೊಟ್ಟಿತು. ಹಾನಿ ಕಡಿಮೆಯಾಯಿತು. ಆ ದ್ರವದಲ್ಲಿ ಏನಿದೆ ಎಂಬುದಷ್ಟೇ ಉಳಿದ ಪ್ರಶ್ನೆ. ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಅವರ ತಂಡ ಅದನ್ನು ಸೋಸುತ್ತ, ಬೇರ್ಪಡಿಸುತ್ತ ಹೋಗಿ 2010ರಲ್ಲಿ ಉತ್ತರ ಹೇಳಿತು: ಇಲಿಯ ಹೃದಯವನ್ನು ಕಾಪಾಡಿದ ಅಂಶ ಎಕ್ಸೋಸೋಮ್.

ಮೆಸೆಂಕೈಮಲ್ ಆಕರಕೋಶ ಎಂಬ ಹೆಸರನ್ನು 1991ರಲ್ಲಿ ಚಾಲ್ತಿಗೆ ತಂದ ಆರ್ನಾಲ್ಡ್ ಕ್ಯಾಪ್ಲನ್ ಕೂಡ ತಮ್ಮ ನಿಲುವು ಬದಲಿಸಿದರು. ಈ ಕೋಶಗಳು ಗಾಯದ ಜಾಗಕ್ಕೆ ಹೋಗಿ ಅಂಗಾಂಶವಾಗಿ ಬೆಳೆಯುವುದಿಲ್ಲ, ಔಷಧದ ಗುಣವುಳ್ಳ ಅಂಶಗಳನ್ನು ಸ್ರವಿಸುತ್ತವೆ ಎಂದು ಅವರು ಕೊನೆಯ ವರ್ಷಗಳಲ್ಲಿ ಒತ್ತಿ ಹೇಳುತ್ತ ಬಂದರು. ತಾನೇ ಕಟ್ಟಿದ ಕಲ್ಪನೆಯನ್ನು ಸಾಕ್ಷ್ಯ ಕಂಡಾಗ ಬಿಟ್ಟುಕೊಡುವುದು ದೊಡ್ಡ ವಿಜ್ಞಾನಿಯ ಲಕ್ಷಣ.

ಎಕ್ಸೋಸೋಮ್ ಮೇಲಿನ ಆಸೆಗೆ ಪ್ರಾಯೋಗಿಕ ಕಾರಣಗಳೂ ಇವೆ. ಅದಕ್ಕೆ ಜೀವವಿಲ್ಲ. ವಿಭಜನೆಯಾಗುವುದಿಲ್ಲ, ಹಾಗಾಗಿ ದೇಹದೊಳಗೆ ತಾನೇ ಗಡ್ಡೆಯಾಗಿ ಬೆಳೆಯುವ ಭಯವಿಲ್ಲ. ಸಣ್ಣದಾದ್ದರಿಂದ ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕದಲ್ಲಿ ಹಾಯಿಸಬಹುದು. ಜೀವಂತ ಕೋಶಗಳನ್ನು ದ್ರವ ಸಾರಜನಕದಲ್ಲಿ ಇಟ್ಟು ಆಸ್ಪತ್ರೆಗೆ ಸಾಗಿಸುವ ಪಾಡಿಗೆ ಹೋಲಿಸಿದರೆ ಮೈನಸ್ 80 ಡಿಗ್ರಿಯ ಫ್ರೀಜರ್ ಸುಲಭ.

ಎಸೆನ್‌ನ ಒಬ್ಬ ರೋಗಿ

ಜರ್ಮನಿಯ ಎಸೆನ್‌ನ ವೈದ್ಯರು 2014ರಲ್ಲಿ ಪ್ರಕಟಿಸಿದ ಒಂದು ವರದಿ ಈ ಕ್ಷೇತ್ರದಲ್ಲಿ ಪದೇಪದೇ ಉಲ್ಲೇಖವಾಗುತ್ತದೆ. ರೋಗಿಗೆ ರಕ್ತದ ಆಕರಕೋಶಗಳ ಕಸಿ ಆಗಿತ್ತು. ದಾನಿಯ ರೋಗನಿರೋಧಕ ಕೋಶಗಳು ಹೊಸ ದೇಹವನ್ನೇ ಶತ್ರುವೆಂದು ತಿಳಿದು ಚರ್ಮ, ಬಾಯಿ, ಕರುಳಿನ ಮೇಲೆ ಎರಗಿದ್ದವು. ಭೇದಿ ನಿಲ್ಲುತ್ತಿರಲಿಲ್ಲ, ಸ್ಟೀರಾಯ್ಡ್ ಕೆಲಸ ಮಾಡುತ್ತಿರಲಿಲ್ಲ.

ತಂಡ ಕೈಗೆ ಸಿಕ್ಕ ಎಕ್ಸೋಸೋಮ್ ಕೊಟ್ಟುಬಿಡಲಿಲ್ಲ. ನಾಲ್ವರು ದಾನಿಗಳ ಆಕರಕೋಶಗಳಿಂದ ಬೇರೆಬೇರೆಯಾಗಿ ತಯಾರಿಸಿ ಪರೀಕ್ಷಿಸಿತು. ನಾಲ್ಕೂ ಒಂದೇ ವಿಧಾನದಲ್ಲಿ ತಯಾರಾಗಿದ್ದರೂ ಉರಿಯೂತ ತಗ್ಗಿಸುವ ಅಂಶಗಳು ನಾಲ್ಕರಲ್ಲೂ ಒಂದೇ ಸಮ ಇರಲಿಲ್ಲ. ಅವುಗಳಲ್ಲಿ ಅನುಕೂಲಕರವಾದ ಒಂದನ್ನು ಆರಿಸಿ, ಸಣ್ಣ ಪ್ರಮಾಣದಿಂದ ಶುರುಮಾಡಿ ಹಂತಹಂತವಾಗಿ ಏರಿಸಿತು. ಭೇದಿ ಇಳಿಯಿತು, ಬಾಯಿ ಮತ್ತು ಚರ್ಮದ ಹುಣ್ಣು ಮಾಯತೊಡಗಿತು, ಸ್ಟೀರಾಯ್ಡ್ ಪ್ರಮಾಣ ತಗ್ಗಿಸಲು ಸಾಧ್ಯವಾಯಿತು. ರೋಗಿ ತಿಂಗಳುಗಳ ನಂತರ ನ್ಯುಮೋನಿಯಾದಿಂದ ತೀರಿಕೊಂಡರು. ಒಬ್ಬರೇ ರೋಗಿ, ಹೋಲಿಕೆಗೆ ಇನ್ನೊಬ್ಬರಿಲ್ಲ. ಭರವಸೆಗೆ ಸಾಕು, ಪುರಾವೆಗೆ ಸಾಲದು.

ಕೋವಿಡ್ ಕಾಲದಲ್ಲಿ ಅಮೆರಿಕದ ಕಂಪನಿಯೊಂದು ಅಸ್ಥಿಮಜ್ಜೆಯ ಆಕರಕೋಶಗಳ ಎಕ್ಸೋಸೋಮ್ ದ್ರವವನ್ನು ಉಸಿರಾಟ ಕುಸಿದ 102 ರೋಗಿಗಳ ಪರೀಕ್ಷೆಯಲ್ಲಿ ಬಳಸಿತು. ಯಾರಿಗೆ ಔಷಧ, ಯಾರಿಗೆ ಬರೀ ದ್ರವ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ ಪರೀಕ್ಷೆ ಅದು. ಔಷಧದಿಂದಲೇ ಉಂಟಾದ ತೊಂದರೆ ಕಂಡುಬರಲಿಲ್ಲ. ಹೆಚ್ಚು ಪ್ರಮಾಣ ಪಡೆದವರಲ್ಲಿ ಕೆಲವು ಲೆಕ್ಕಗಳ ಪ್ರಕಾರ ಸಾವು ಕಡಿಮೆ ಎಂದು ಕಂಡಿತು. ಅಷ್ಟು ಸಣ್ಣ ಗುಂಪಿನಿಂದ ಕೊನೆಯ ಮಾತು ಹೇಳಲಾಗದು, ದೊಡ್ಡ ಪರೀಕ್ಷೆಯೇ ಬೇಕು.

ಖಾಲಿ ಜಾಗಕ್ಕೆ ಔಷಧ ತುಂಬಿ

ಎಕ್ಸೋಸೋಮ್ ಹೊತ್ತುತರುವ ಸರಕನ್ನೇ ನಂಬುವ ಬದಲು ಅದರೊಳಗೆ ಬೇಕಾದ ಔಷಧ ತುಂಬಿ ಕಳಿಸುವುದು ಇನ್ನೊಂದು ದಾರಿ. ಆಕ್ಸ್‌ಫರ್ಡ್‌ನ ಮ್ಯಾಥ್ಯೂ ವುಡ್ ಅವರ ತಂಡ 2011ರಲ್ಲಿ, ಎಕ್ಸೋಸೋಮ್ ಮೈಮೇಲೆ ನರಕೋಶವನ್ನು ಗುರುತಿಸುವ ಪ್ರೋಟೀನ್ ತುಣುಕು ಅಂಟಿಸಿ, ಇಲಿಯ ರಕ್ತಕ್ಕೆ ಬಿಟ್ಟು, ಮಿದುಳಿಗೆ ಸರಕು ತಲುಪಿಸಿತು. ಮಿದುಳಿನ ಸುತ್ತಲಿನ ರಕ್ಷಣಾ ತಡೆಯನ್ನು ದಾಟುವುದು ಎಷ್ಟು ಕಷ್ಟವೆಂದು ಔಷಧ ತಯಾರಕರಿಗೆ ಗೊತ್ತು.

ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ರಘು ಕಲ್ಲೂರಿ ಅವರ ತಂಡದ ಕೆಲಸ ಇದಕ್ಕಿಂತ ಮುಂದೆ ಹೋಗಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಕೆಆರ್‌ಎಎಸ್ ಎಂಬ ಜೀನ್ ಕೆಟ್ಟಿರುವುದು ಬಹಳ ಸಾಮಾನ್ಯ. ಆ ಕೆಟ್ಟ ಜೀನ್‌ನ ಬಾಯಿ ಕಟ್ಟಿಸುವ ಆರ್‌ಎನ್‌ಎ ತುಣುಕನ್ನು ಎಕ್ಸೋಸೋಮ್‌ನಲ್ಲಿ ತುಂಬಿ ಇಲಿಗಳಿಗೆ ಕೊಟ್ಟಾಗ ಅವುಗಳ ಆಯಸ್ಸು ಹೆಚ್ಚಿತು ಎಂದು 2017ರಲ್ಲಿ ತಂಡ ವರದಿ ಮಾಡಿತು. ಕಾರ್ಖಾನೆಯಲ್ಲಿ ಮಾಡಿದ ಕೊಬ್ಬಿನ ಗುಳ್ಳೆಗಿಂತ ಇದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲು ಕಾರಣವೂ ತಿಳಿಯಿತು. ಎಕ್ಸೋಸೋಮ್ ಮೈಮೇಲೆ ಸಿಡಿ47 ಎಂಬ ಪ್ರೋಟೀನ್ ಇದೆ. ಅದನ್ನು ಕಂಡ ಭಕ್ಷಕ ಕೋಶಗಳು ಅದನ್ನು ನುಂಗದೆ ಬಿಡುತ್ತವೆ. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಅಲ್ಲಿ ಆಕರಕೋಶಗಳ ಎಕ್ಸೋಸೋಮ್‌ಗಳನ್ನೇ ಬಳಸಲಾಗಿದೆ.

ತಯಾರಿಸುವುದೇ ಕಷ್ಟ

ಇಷ್ಟೆಲ್ಲ ಇದ್ದೂ ಔಷಧ ಅಂಗಡಿಗೆ ಏಕೆ ಬಂದಿಲ್ಲ?

ಪ್ಯಾರಾಸಿಟಮಾಲ್ ಒಂದೇ ಅಣು. ಮೈಸೂರಿನಲ್ಲಿ ಮಾಡಿದರೂ ಮ್ಯೂನಿಕ್‌ನಲ್ಲಿ ಮಾಡಿದರೂ ಅದು ಅದೇ. ಎಕ್ಸೋಸೋಮ್ ಹಾಗಲ್ಲ. ದಾನಿ ಬದಲಾದರೆ, ಕೋಶ ಎಷ್ಟು ಬಾರಿ ವಿಭಜನೆಯಾಗಿದೆ ಎಂಬುದು ಬದಲಾದರೆ, ಬೆಳೆಸುವ ದ್ರವ ಬದಲಾದರೆ ಸರಕೂ ಬದಲು. ಕೋಶ ಬೆಳೆಸಲು ಪ್ರಯೋಗಾಲಯಗಳು ಸಾಮಾನ್ಯವಾಗಿ ದನದ ಭ್ರೂಣದ ಸೀರಂ ಬಳಸುತ್ತವೆ. ಅದರಲ್ಲಿ ದನದ ಎಕ್ಸೋಸೋಮ್‌ಗಳು ಧಾರಾಳವಾಗಿ ಇರುತ್ತವೆ. ಅವನ್ನು ಮೊದಲೇ ತೆಗೆಯದಿದ್ದರೆ ಕೊನೆಗೆ ಸಿಗುವುದು ಮಿಶ್ರಣ.

ಬೇರ್ಪಡಿಸುವ ಹಳೆಯ ವಿಧಾನ, ಗುರುತ್ವಕ್ಕಿಂತ ಲಕ್ಷ ಪಟ್ಟು ಬಲದಲ್ಲಿ ಗಂಟೆಗಟ್ಟಲೆ ತಿರುಗಿಸಿ ತಳಕ್ಕೆ ಇಳಿಸುವುದು. ತಳದಲ್ಲಿ ಎಕ್ಸೋಸೋಮ್ ಜೊತೆ ಕೊಬ್ಬಿನ ಕಣ, ಪ್ರೋಟೀನ್ ಗಂಟು, ಸತ್ತ ಕೋಶದ ಚೂರುಗಳೂ ಕೂರುತ್ತವೆ. ಎಣಿಸುವ ಯಂತ್ರಕ್ಕೆ ಅವೂ ಕಣಗಳೇ. ಹೀಗಾಗಿ 'ಒಂದು ಸೀಸೆಯಲ್ಲಿ ಇಷ್ಟು ಶತಕೋಟಿ ಎಕ್ಸೋಸೋಮ್' ಎಂದು ಚೀಟಿಯಲ್ಲಿ ಬರೆದಿದ್ದರೆ ಅದರಲ್ಲಿ ನಿಜವಾದ ಎಕ್ಸೋಸೋಮ್ ಎಷ್ಟು ಎಂದು ಆ ಸಂಖ್ಯೆಯೊಂದೇ ಹೇಳದು. ಈ ಗೊಂದಲ ತಗ್ಗಿಸಲು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2014, 2018 ಮತ್ತು 2023ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ.

ದೇಹದೊಳಗೆ ಇನ್ನೊಂದು ಅಡಚಣೆ. ರಕ್ತನಾಳಕ್ಕೆ ಕೊಟ್ಟ ಎಕ್ಸೋಸೋಮ್‌ಗಳಲ್ಲಿ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಬೇಗನೆ ಸೆಳೆದುಕೊಳ್ಳುತ್ತವೆ. ಮಂಡಿಗೋ ಮಿದುಳಿಗೋ ಉಳಿಯುವುದು ಸ್ವಲ್ಪ.

ವ್ಯಾಪಾರಕ್ಕೂ ಈ ಬಿಸಿ ತಟ್ಟಿದೆ. ಔಷಧ ತುಂಬಿದ ಎಕ್ಸೋಸೋಮ್‌ಗಳಿಗೆಂದೇ ಹುಟ್ಟಿ, ಷೇರುಪೇಟೆಗೂ ಹೋಗಿದ್ದ ಅಮೆರಿಕದ ಕೋಡಿಯಾಕ್ ಬಯೋಸೈನ್ಸಸ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಸೀಸೆ ಮುಂದೆ, ವಿಜ್ಞಾನ ಹಿಂದೆ

ಔಷಧ ತಯಾರಕರು ಇಷ್ಟು ಒದ್ದಾಡುತ್ತಿರುವಾಗ ಕ್ಲಿನಿಕ್ಕಿಗೆ ಸೀಸೆ ಬಂದದ್ದು ಬೇರೆ ಬಾಗಿಲಿನಿಂದ. ಮೇಲೆ ಹಚ್ಚುವ ಸೌಂದರ್ಯವರ್ಧಕವಾಗಿ ನೋಂದಾಯಿಸಿದರೆ ರೋಗ ಗುಣಪಡಿಸುತ್ತದೆ ಎಂದು ಸಾಬೀತು ಮಾಡುವ ಹೊರೆ ಇಲ್ಲ. ಆದರೆ ಸೂಜಿಯಿಂದ ಚರ್ಮವನ್ನು ತೂತು ಮಾಡಿದ ಮೇಲೆ ಹಚ್ಚಿದರೆ ಅದು ಮೇಲೆ ಹಚ್ಚಿದ್ದಾಗಿ ಉಳಿಯುವುದೇ? ಚರ್ಮದ ಹೊರಪದರ ಇರುವುದೇ ಹೊರಗಿನದನ್ನು ಹೊರಗಿಡಲು. ಅದನ್ನು ದಾಟಿಸಿದ ಮೇಲೆ ದ್ರವ ಶುದ್ಧವಾಗಿದೆಯೇ ಎಂಬುದು ಸೋಂಕಿನ ಪ್ರಶ್ನೆ, ಅಂದರೆ ಔಷಧದ ಪ್ರಶ್ನೆ.

ಸೀಸೆಯೊಳಗಿನದು ಮನುಷ್ಯನ ಆಕರಕೋಶದ್ದೇ ಎಂಬ ಭರವಸೆಯೂ ಇಲ್ಲ. ಐರೋಪ್ಯ ಒಕ್ಕೂಟದ ಸೌಂದರ್ಯವರ್ಧಕ ನಿಯಮ ಮನುಷ್ಯಮೂಲದ ಕೋಶ, ಅಂಗಾಂಶ ಮತ್ತು ಅವುಗಳ ಉತ್ಪನ್ನಗಳನ್ನು ನಿಷೇಧಿಸಿದೆ. ಹಾಗಾಗಿ ಗುಲಾಬಿ ಮುಂತಾದ ಗಿಡಗಳಿಂದ ತೆಗೆದದ್ದೂ ಇದೇ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ. ಹೃದಯ, ಮೂತ್ರಪಿಂಡಗಳ ಮೇಲೆ ನಡೆದ ಆಕರಕೋಶ ಸಂಶೋಧನೆಯ ಕೀರ್ತಿಯನ್ನು ಗುಲಾಬಿ ಗಿಡದ ಗುಳ್ಳೆಗೆ ಅಂಟಿಸುವುದು ಗಿರಾಕಿಗೆ ಮಾಡುವ ಮೋಸ. ಕೂದಲಿನ ವಿಷಯದಲ್ಲಿ ಇರುವ ಅಧ್ಯಯನಗಳು ಹೆಚ್ಚಾಗಿ ಸಣ್ಣವು, ಅಲ್ಪಾವಧಿಯವು. ಬರೀ ಸೂಜಿ ಚುಚ್ಚಿದ್ದರಿಂದ ಎಷ್ಟು ಉಪಯೋಗವಾಯಿತು, ದ್ರವದಿಂದ ಎಷ್ಟು ಎಂದು ಬಿಡಿಸಿ ಹೇಳುವಂಥವು ಕಡಿಮೆ.

ಚುಚ್ಚುಮದ್ದಿನ ಅಪಾಯ ಊಹೆಯಲ್ಲ. ಎಕ್ಸೋಸೋಮ್ ಇದೆ ಎಂದು ಮಾರಾಟವಾದ, ಅನುಮತಿಯಿಲ್ಲದ ಉತ್ಪನ್ನ ಪಡೆದ ನೆಬ್ರಾಸ್ಕ ರಾಜ್ಯದ ಹಲವರಿಗೆ ಗಂಭೀರ ತೊಂದರೆಯಾದ ಮೇಲೆ 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಅದು ಅನುಮೋದಿಸಿದ ಎಕ್ಸೋಸೋಮ್ ಔಷಧ ಆಗ ಒಂದೂ ಇರಲಿಲ್ಲ.

ನೇರ ದಾರಿಯೂ ಇದೆ

ನೇರ ದಾರಿ ಹಿಡಿದವರು ಬೆಂಗಳೂರಿನಲ್ಲೇ ಇದ್ದಾರೆ. ಮಣಿಪಾಲ ಸಮೂಹದ ಸ್ಟೆಂಪ್ಯೂಟಿಕ್ಸ್ ಹಲವು ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಆಕರಕೋಶಗಳ ಔಷಧಕ್ಕೆ ವರ್ಷಗಟ್ಟಲೆ ಪರೀಕ್ಷೆ ನಡೆಸಿತು. ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚಾಗಿ ಕಾಣುವ, ಕಾಲಿಗೆ ರಕ್ತ ಹರಿಯದೆ ಬೆರಳು ಕಪ್ಪಾಗುವ ಬರ್ಜರ್ಸ್ ಕಾಯಿಲೆಗೆ 2016ರಲ್ಲಿ ಮಿತವಾದ ಅನುಮತಿ, ಮಂಡಿಯ ಸಂಧಿವಾತಕ್ಕೆ 2022ರಲ್ಲಿ ಅನುಮತಿ ಸಿಕ್ಕಿತು. ಇದು ಕೋಶ ಔಷಧ, ಎಕ್ಸೋಸೋಮ್ ಅಲ್ಲ. ಆದರೂ ನಿರ್ದಿಷ್ಟ ಕಾಯಿಲೆ, ನಿರ್ದಿಷ್ಟ ಪ್ರಮಾಣ, ಹೋಲಿಕೆಯ ಗುಂಪು, ಆಮೇಲೆ ಸರ್ಕಾರದ ಪರಿಶೀಲನೆ ಎಂಬ ಕ್ರಮ ಹೇಗಿರುತ್ತದೆ ಎನ್ನುವುದಕ್ಕೆ ಕಣ್ಣೆದುರಿನ ಉದಾಹರಣೆ. ಅಮೆರಿಕದಲ್ಲಿ ಮೆಸೆಂಕೈಮಲ್ ಕೋಶದ ಮೊದಲ ಔಷಧಕ್ಕೆ ಒಪ್ಪಿಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಎಸೆನ್‌ನ ರೋಗಿಗಿದ್ದಂಥ ಕಾಯಿಲೆಯೇ ಮಕ್ಕಳಿಗೆ ಬಂದಾಗ ಕೊಡಲು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತದ ಕಾಯಿಲೆಗಳಿಗೆ ಮಾಡುವ ಆಕರಕೋಶ ಕಸಿಯನ್ನು ರೂಢಿಯ ಚಿಕಿತ್ಸೆಯೆಂದು ಒಪ್ಪಿತು. ಉಳಿದ ಬಳಕೆ ನಿಯಮಬದ್ಧ ಪರೀಕ್ಷೆಯ ಒಳಗೇ ನಡೆಯಬೇಕೆಂದು ಹೇಳಿತು. ಅಂಥ ಪರೀಕ್ಷೆಗಳೆಲ್ಲ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣ ಸಿಟಿಆರ್‌ಐನಲ್ಲಿ ದಾಖಲಾಗಬೇಕು. ಕಾಯಿಲೆಯ ಹೆಸರು ಹಾಕಿ ಯಾರು ಬೇಕಾದರೂ ಅದನ್ನು ಹುಡುಕಬಹುದು. ಯಾವ ಆಸ್ಪತ್ರೆ, ಯಾವ ವೈದ್ಯರು, ಯಾವ ಹಂತ ಎಲ್ಲ ಅಲ್ಲಿ ಸಿಗುತ್ತದೆ. ಸಂಶೋಧನೆಯ ಹಂತದಲ್ಲಿರುವ ಆಕರಕೋಶ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವಂತಿಲ್ಲ. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ಔಷಧ ಪರೀಕ್ಷಾ ನಿಯಮಗಳಲ್ಲಿ ಅವಕಾಶವಿದೆ. ಯಾರಾದರೂ ಎಕ್ಸೋಸೋಮ್ ಚುಚ್ಚಲು ದುಡ್ಡು ಕೇಳಿದರೆ ಅವರಿಂದ ಸಿಟಿಆರ್‌ಐ ಸಂಖ್ಯೆಯನ್ನು, ಸೀಸೆಯ ಚೀಟಿಯಲ್ಲಿರುವ ಮೂಲಕೋಶದ ಹೆಸರನ್ನು, ಔಷಧ ಪರವಾನಗಿಯ ಪ್ರತಿಯನ್ನು ರೋಗಿಯೂ ಮನೆಯವರೂ ಕೇಳಬೇಕು.